ಪ್ರತಿಕ್ರಿಯೆ: ಬ್ರೈಟ್‌ನೆಸ್ ಕೀ, ಬ್ಯಾಟರಿ ಗುರುತು ಎರಡೂ ಹೋಗಿದ್ದರೆ
ಮಂಡ್ಯದ ಲೈಬ್ರರಿ ಲ್ಯಾಪ್‌ಟಾಪಿನ ಉಬುಂಟು (ಲಿನಕ್ಸ್) ಬೂಟ್ ಸಾಲಿಗೆ ‘ಎಸಿಪಿಐ=ಸ್ಟ್ರಿಕ್ಟ್’ ಸೇರಿಸಿದ ಮೇಲೆ ಇವೆರಡೂ ಹೋದವು ಅಂದ್ರಲ್ಲ, ಹೆಚ್ಚಾಗಿ ಅದೇ ಕಾರಣ. ಎಸಿಪಿಐ ಅಂದ್ರೆ ಬ್ಯಾಟರಿ, ಬ್ರೈಟ್‌ನೆಸ್ ಥರದ್ದನ್ನು ಬಯೋಸ್ ಮೂಲಕ ನಿಭಾಯಿಸುವ ನಿಯಮಗಳು. ಎಷ್ಟೋ ಬಯೋಸ್‌ಗಳಲ್ಲಿ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಓಡುವ ಸಾಫ್ಟ್‌ವೇರ್) ಈ ನಿಯಮ ತಪ್ಪಿದ ಕೋಡ್ ಇರುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಮಾಮೂಲಾಗಿ ಅದನ್ನು ಸಹಿಸಿಕೊಂಡು ಹೋಗುತ್ತದೆ. ಸ್ಟ್ರಿಕ್ಟ್ ಹಾಕಿದರೆ ಆ ಸಹನೆ ಕಡಿಮೆಯಾಗುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸುವುದೇ ವಿಂಡೋಸ್ ಮೇಲೆ ಅಲ್ವಾ, ಅದಕ್ಕೇ ಬಯೋಸ್ ಕೇಳಿದಾಗ ಲಿನಕ್ಸ್ ಕೂಡ ‘ವಿಂಡೋಸ್ ತರಹ ನಡೆಯಬಲ್ಲೆ’ ಅಂತಲೇ ಉತ್ತರಿಸುತ್ತದೆ. ಇದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ. ಓದಲು ಬಂದವರಿಗೆ ಪರದೆ ಕಾಣಬೇಕು.

ಇಟಿಸಿ ಫೋಲ್ಡರಿನ ‘ಡಿಫಾಲ್ಟ್’ ಒಳಗೆ ‘ಗ್ರಬ್’ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಹೆಸರಿನ ಫೈಲ್ ಇದೆ. ಅದರಲ್ಲಿ ‘ಎಸಿಪಿಐ=ಸ್ಟ್ರಿಕ್ಟ್’ ಮಾತ್ರ ಅಳಿಸಿ. ಟರ್ಮಿನಲ್‌ನಲ್ಲಿ ‘ಸುಡೋ ಅಪ್‌ಡೇಟ್-ಗ್ರಬ್’ ಓಡಿಸಿ, ರೀಸ್ಟಾರ್ಟ್ ಮಾಡಿ. ನನ್ನ ಹತ್ತಿರ ಬಂದಿದ್ದ ಇಂಥದ್ದೇ ಒಂದು ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಗುರುತು ಇಷ್ಟಕ್ಕೇ ಸರಿಹೋಯಿತು, ಬ್ರೈಟ್‌ನೆಸ್ ಕೀ ಸರಿಹೋಗಲಿಲ್ಲ. ನಿಮಗೂ ಹಾಗಾದರೆ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಸಾಲಿನ ಕೊನೆಗೆ ‘ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್’ ಸೇರಿಸಿ ಎಫ್10 ಒತ್ತಿ. ಅದು ಆ ಒಂದು ಬೂಟ್‌ಗೆ ಮಾತ್ರ. ಆಗದಿದ್ದರೆ ‘ನೇಟಿವ್’ ಬದಲು ‘ವೆಂಡರ್’. ಯಾವುದು ಕೂಡಿಬರುತ್ತದೆ ಅನ್ನೋದು ಮಾಡೆಲ್ ಮೇಲಿದೆ. ಕೆಲಸ ಮಾಡಿದ್ದನ್ನೇ ಗ್ರಬ್ ಫೈಲಿನಲ್ಲಿ ಬರೆದು, ಮತ್ತೆ ‘ಸುಡೋ ಅಪ್‌ಡೇಟ್-ಗ್ರಬ್’ ಓಡಿಸಿ.