ಸುರಂಗದ ಕಿನ್ನರಿ, ಅಜ್ಜಿಯ ದೀಪ

ಮಗು ಕಟ್ಟಿದ ಕಥೆಯನ್ನು ಮನೆಯವರು ನಂಬಿಬಿಡುತ್ತಾರೆ. ಆಮೇಲೆ ಮಗುವಿಗೇ ಅದರಿಂದ ಹೊರಬರಲು ಆಗುವುದಿಲ್ಲ. ಇಂಥ ಪ್ರಕರಣ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕಾಸರಗೋಡಿನ ಒಳಭಾಗದ ಒಂದು ಅಡಿಕೆ ತೋಟದ ಮನೆ. ಹುಡುಗಿಗೆ ಹತ್ತು ವರ್ಷ. ಎರಡು ವಾರದಿಂದ ಊಟ ಸೇರುತ್ತಿರಲಿಲ್ಲ, ರಾತ್ರಿ ಬೆಚ್ಚಿ ಏಳುತ್ತಿದ್ದಳು.

ಜೊತೆಗೆ ಒಂದು ನೋಟ್‌ಬುಕ್ ತಂದಿದ್ದಳು. ಚಿತ್ರ ಬಿಡಿಸಿ ಬರೆದ ಕಥೆ: ಗುಡ್ಡದೊಳಗೆ ಕೊರೆದ ನೀರಿನ ಸುರಂಗದಲ್ಲಿ ಕಿನ್ನರಿಯರು ಇದ್ದಾರೆ. ಪುಟ ಪುಟದಲ್ಲೂ ‘ಸಾಕ್ಷಿ’. ಒಂದು ಕಡೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆ, ಹಲಸಿನ ಮೇಣದಲ್ಲಿ ಅಂಟಿಸಿದ್ದು. ಇನ್ನೊಂದು ಕಡೆ ಸುರಂಗದ ಕೆಸರಲ್ಲಿ ಸಿಕ್ಕಿದ ಪುಟ್ಟ ಪಾದದ ಚಿತ್ರ. ಆ ಪಾದದ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮಾತೂ ಎದ್ದಿತ್ತು.

ನಿಜವಾ ಸುಳ್ಳಾ ಎಂದು ನಾನು ಕೇಳಲಿಲ್ಲ. ಒಂದು ತಟ್ಟೆ ಒದ್ದೆ ಮಣ್ಣು ತಂದಿಟ್ಟು, “ಇಷ್ಟು ಚಂದದ ಪಾದ ಹೇಗೆ ಮೂಡ್ತದೆ, ತೋರಿಸ್ತೀಯಾ ಮಗಾ?” ಎಂದೆ. ತುಂಬ ಹೊತ್ತು ಸುಮ್ನೆ ಕೂತಳು. ಆಮೇಲೆ ಮುಷ್ಟಿ ಬಿಗಿದು, ಅದರ ಬದಿಯನ್ನು ಮಣ್ಣಿಗೆ ಒತ್ತಿದಳು. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ. ಅಷ್ಟಮಿಗೆ ಕೃಷ್ಣನ ಪಾದ ಬಿಡಿಸುತ್ತೇವಲ್ಲ, ಹಾಗೇ. ಕೈ ಒರೆಸದೆ ಹೇಳಿದಳು: “ಟೀಚರ್, ಅಜ್ಜಿ ದಿನಾ ಸುರಂಗದ ಬಾಯಲ್ಲಿ ದೀಪ ಇಡ್ತಾರೆ. ಇನ್ನು ಹೇಗೆ ಹೇಳುವುದು?”

ಪೆಟ್ಟಿನ ಭಯ ಅಲ್ಲ ಅದು. ಅಜ್ಜಿಯ ದೀಪವನ್ನು ತಾನೇ ಆರಿಸಬೇಕಲ್ಲ ಎಂಬ ಸಂಕಟ.

“ಎಲ್ಲರ ಎದುರು ತಪ್ಪಾಯ್ತು ಅಂತ ಹೇಳಲಿ” ಎಂದರು ಅಪ್ಪ. ನಾನು ಬೇಡ ಎಂದೆ. ಸುಳ್ಳಿಗೆ ನಾನು ಸಲಿಗೆ ಕೊಡುತ್ತಿದ್ದೇನೆ ಎಂದು ಅವರಿಗೆ ಅನಿಸಿತು. ಅವರಿಗೆ ಕಾಟಿಂಗ್ಲಿಯ ವಿಷಯ ಹೇಳಿದೆ. 1917ರಲ್ಲಿ ಇಂಗ್ಲೆಂಡಿನ ಆ ಊರಲ್ಲಿ ಎಲ್ಸಿ, ಫ್ರಾನ್ಸಿಸ್ ಎಂಬ ಇಬ್ಬರು ಹುಡುಗಿಯರು ಕಾಗದದ ಕಿನ್ನರಿಗಳನ್ನು ಕತ್ತರಿಸಿ, ಟೋಪಿ ಪಿನ್ನಿನಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರೇ 1920ರಲ್ಲಿ ಅದನ್ನು ನಂಬಿ ಬರೆದುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ನಂಬಿದ ಮೇಲೆ ಬಾಯಿ ಬಿಡಲು ಆ ಹುಡುಗಿಯರಿಗೆ ನಾಚಿಕೆ. ಅದು ಆಟ ಎಂದು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ನಡುವೆ 66 ವರ್ಷ! ಎಲ್ಲರ ಎದುರು ನಿಲ್ಲಿಸಿದರೆ ಮಕ್ಕಳು ಸತ್ಯವನ್ನು ಇನ್ನಷ್ಟು ಒಳಗೆ ಬಚ್ಚಿಡುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ.

ಹಾಗಾಗಿ ನಾನು ಹೇಳಿದ್ದು ಇಷ್ಟು. ಮೊದಲು ಅಜ್ಜಿಯೊಬ್ಬರಿಗೇ ಹೇಳಲಿ, ಅಮ್ಮ ಪಕ್ಕದಲ್ಲಿರಲಿ. ಗುಂಪಿಗೆ ಫೋಟೋ ಹಾಕಿದ್ದು ದೊಡ್ಡವರು, ಅಲ್ಲಿ ತಿದ್ದಬೇಕಾದವರೂ ಅವರೇ. ನೋಟ್‌ಬುಕ್ ಕಸಿಯಬೇಡಿ. ಕೊನೆಗೆ ‘ಇದನ್ನೆಲ್ಲ ಮಾಡಿದ್ದು ಹೀಗೆ’ ಎಂದು ನಾಲ್ಕು ಪುಟ ಅವಳೇ ಬರೆಯಲಿ.

ಅಪ್ಪನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಅಜ್ಜಿ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಹಲಸಿನ ಮೇಣ ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು ಎಂದು ಹೇಳಿಕೊಟ್ಟರಂತೆ.