‘ಧೈರ್ಯವಾಗಿರು’ ಅನ್ನುವವರ ನಡುವೆ ಅಳುವುದು ಹೇಗೆ?

ಪ್ರಶ್ನೆ: ನನಗೆ 44 ವರ್ಷ, ಊರು ಶಿವಮೊಗ್ಗ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಈಗ ಬೆಂಗಳೂರಿನಲ್ಲಿ 21 ದಿನಕ್ಕೊಮ್ಮೆ ‘ಕೆಂಪು ಕೀಮೋ’. ನಾಲ್ಕರಲ್ಲಿ ಎರಡು ಮುಗಿದಿವೆ. ಗಂಡ, ಅತ್ತೆ, ಪಿಯುಸಿ ಓದುವ ಮಗಳು, ಮೈದುನ ಎಲ್ಲರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ. ಅವರಿಂದಲೇ ಇಲ್ಲಿಯವರೆಗೆ ಬಂದಿದ್ದೇನೆ. ಆದರೆ ಅಡುಗೆಮನೆಗೆ ಕಾಲಿಡಲು ಬಿಡುವುದಿಲ್ಲ. ಕಣ್ಣಲ್ಲಿ ನೀರು ಬಂದರೆ ‘ಧೈರ್ಯವಾಗಿರು’ ಅನ್ನುತ್ತಾರೆ. ಅತ್ತೆ ಆಸೆಯಿಂದ ಮಾಡಿದ ತಿಂಡಿ ಸೇರುವುದಿಲ್ಲ. ದಿನಾ ಅಮೃತಬಳ್ಳಿ ಕಷಾಯ ಬೇರೆ. ಗಂಡ ಹೆದರಿ ಹಾಲ್‌ನಲ್ಲಿ ಮಲಗುತ್ತಾರೆ. ನೋಡಲು ಬರುವವರಿಗೆ ಲೆಕ್ಕವಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಇಂಥವರ ಮೇಲೆ ಸಿಡುಕುವ ನಾನು ಕೃತಘ್ನಳೇ?

ಉತ್ತರ: ಅಲ್ಲ. ನಿಮ್ಮ ಸಿಡುಕಿನಲ್ಲಿ ಒಂದು ಪಾಲು ನಿಮ್ಮದೇ ಅಲ್ಲದಿರಬಹುದು. ವಾಂತಿ ತಡೆಯಲು ಕೀಮೋ ಜೊತೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ, ಕೆಲವರಿಗೆ ಮುಂದಿನ ಎರಡು ಮೂರು ದಿನ ಮಾತ್ರೆಯೂ ಇರುತ್ತದೆ. ಅದು ಒಳಗಿರುವಷ್ಟು ಹೊತ್ತು ನಿದ್ದೆ ಹತ್ತುವುದಿಲ್ಲ, ತಲೆ ಓಡುತ್ತಲೇ ಇರುತ್ತದೆ. ನಿಂತ ಮೇಲೆ, ಅಂದರೆ ಕೀಮೋ ದಿನದಿಂದ ಎಣಿಸಿದರೆ ಸುಮಾರು ಮೂರರಿಂದ ಐದನೇ ದಿನದಲ್ಲಿ, ಮೈಮನಸ್ಸು ಎರಡೂ ಒಮ್ಮೆಲೇ ಕುಸಿಯುತ್ತವೆ. ಕಳೆದೆರಡು ಸಲ ಅತ್ತ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ನೋಡಿ. ಒಂದೇ ಜಾಗಕ್ಕೆ ಬಂದರೆ ಮೂರನೇ ಸೈಕಲ್‌ಗೆ (ಮೂರನೇ ಸಲದ ಕೀಮೋಗೆ) ಮುಂಚೆ ವೈದ್ಯರಿಗೆ ಹೇಳಿ; ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಅವರು ಬದಲಿಸಬಹುದು. ನೀವಾಗಿ ನಿಲ್ಲಿಸಬೇಡಿ. ಆ ಕ್ಯಾಲೆಂಡರ್ ಮನೆಯವರಿಗೂ ಕಾಣುವಂತೆ ತೂಗುಹಾಕಿ. ‘ಇವತ್ತು ನಾಲ್ಕನೇ ದಿನ’ ಎಂದು ಗೊತ್ತಾದರೆ ಬುದ್ಧಿ ಹೇಳಲು ಹೋಗುವವರು ತಾವೇ ತಡೆದುಕೊಳ್ಳುತ್ತಾರೆ.

ಅತ್ತೆಯ ತಿಂಡಿ ಸೇರದಿರುವುದಕ್ಕೂ ಕಾರಣವಿದೆ, ಅವರಿಗೆ ಅದನ್ನು ಬಿಡಿಸಿ ಹೇಳಬೇಕು. ಹೊಟ್ಟೆ ತೊಳಸುವಾಗ ಏನು ತಿಂದರೂ ಮಿದುಳು ವಾಂತಿಯನ್ನು ಆ ರುಚಿಗೆ ಗಂಟುಹಾಕುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದರ ವಾಸನೆಗೇ ಓಕರಿಕೆ. ಹಾಗಾಗಿ ನಿಮಗೆ ಪ್ರಾಣವಾದ ಕಡುಬನ್ನು ಕೀಮೋ ದಿನವೂ ಅದರ ಮರುದಿನವೂ ಮಾಡಲೇಬಾರದು, ಹತ್ತನೇ ದಿನಕ್ಕೋ ಹನ್ನೆರಡನೇ ದಿನಕ್ಕೋ ಇಟ್ಟುಕೊಳ್ಳಲಿ. ಮೊದಲ ಮೂರು ದಿನ ಒಗ್ಗರಣೆ ಹಾಕುವಾಗ ನೀವು ದೂರದ ಕೋಣೆಯಲ್ಲಿರಿ. ಬಿಸಿ ಅಡುಗೆಗಿಂತ ಆರಿದ್ದಕ್ಕೆ ವಾಸನೆ ಕಡಿಮೆ. ಆಗಷ್ಟೇ ಮಾಡಿ ಆರಿಸಿದ ರಾಗಿ ಅಂಬಲಿ, ಮೊಸರನ್ನ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬಾಯಿ ಹುಣ್ಣಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲಾ ಒಂದು ಟೀ ಚಮಚ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ನುಂಗಬೇಡಿ, ದಿನಾ ಹೊಸದಾಗಿ ಮಾಡಿಕೊಳ್ಳಿ.

ಕಷಾಯ ಮಾತ್ರ ಬೇಡ. ಇದರಲ್ಲಿ ಮುಲಾಜು ಇಟ್ಟುಕೊಳ್ಳಬೇಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ನಿಮ್ಮ ಕೆಂಪು ಔಷಧಿ ಡಾಕ್ಸೊರುಬಿಸಿನ್ ಆಗಿರಬೇಕು. ಅದನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಯಕೃತ್ತೇ. ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್ ಏರಿದರೆ ಡೋಸ್ ಇಳಿಸಬೇಕು, ಇಲ್ಲವೇ ಸೈಕಲ್ ಮುಂದೂಡಬೇಕು. ಸೊಸೆ ಹೇಳಿದರೆ ಬೇಸರವಾದೀತು. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆದೊಯ್ದು ವೈದ್ಯರ ಬಾಯಲ್ಲೇ ಹೇಳಿಸಿ. ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ.

ಇನ್ನು ನಿಮ್ಮ ಯಜಮಾನರು. ಕ್ಯಾನ್ಸರ್ ಅಂಟುವುದಿಲ್ಲ. ಕೀಮೋ ಔಷಧಿಯ ಅಂಶ ಮೂತ್ರ, ಮಲ, ವಾಂತಿಯಲ್ಲಿ ಸುಮಾರು 48 ಗಂಟೆ ಇರುತ್ತದೆ. ಅಷ್ಟು ಹೊತ್ತು ಕಮೋಡ್ ಮುಚ್ಚಿ ಎರಡು ಸಲ ಫ್ಲಶ್ ಮಾಡಿ, ವಾಂತಿ ಬಳಿಯುವವರು ಕೈಗವಸು ಹಾಕಿಕೊಳ್ಳಲಿ. (ಮೂತ್ರ ಕೆಂಪಗಾದರೆ ಗಾಬರಿ ಬೇಡ, ಒಂದೆರಡು ದಿನ ಅದು ಔಷಧಿಯ ಬಣ್ಣ. ಆಮೇಲೂ ಉಳಿದರೆ ತೋರಿಸಿ.) ಅಪ್ಪಿಕೊಂಡರೆ, ಪಕ್ಕದಲ್ಲಿ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ, ಅವರಿಗೆ ಶೀತ ಜ್ವರವಿದ್ದ ದಿನ ದೂರವಿದ್ದರೆ ಸಾಕು. ಲೈಂಗಿಕ ಸಂಪರ್ಕಕ್ಕೆ ಚಿಕಿತ್ಸೆ ಮುಗಿಯುವವರೆಗೂ ಕಾಂಡೋಮ್ ಬೇಕು. ‘ನೀವು ಪಕ್ಕದಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ’ ಎಂದು ಬಾಯಿಬಿಟ್ಟು ಹೇಳಿ, ಗಂಡಸರಿಗೆ ಸೂಚನೆ ಅರ್ಥವಾಗುವುದು ಅಪರೂಪ.

ಅವರ ಹೆದರಿಕೆಗೆ ಸರಿಯಾದ ಜಾಗ ಬೇರೆ ಇದೆ. ಏಳರಿಂದ ಹದಿನಾಲ್ಕನೇ ದಿನದವರೆಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಸಂಖ್ಯೆ ತಳ ಮುಟ್ಟಿರುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಚಳಿ ನಡುಕ ಬಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಬೆಂಗಳೂರಿಗಲ್ಲ, ಶಿವಮೊಗ್ಗದಲ್ಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ. ‘ಕೀಮೋ ನಡೆಯುತ್ತಿದೆ’ ಎನ್ನುವುದೇ ಬಾಗಿಲಲ್ಲಿ ಹೇಳುವ ಮೊದಲ ಮಾತಾಗಲಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವುದೇ ಇಲ್ಲಿ ಆಗುವ ದೊಡ್ಡ ಅನಾಹುತ: ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ರಕ್ತಕ್ಕೆ ಹರಡುತ್ತಿರುತ್ತದೆ. ಈ ಒಂದು ವಾರ ನೆಂಟರಿಗೆ ಪ್ರವೇಶವಿಲ್ಲ. ಆ ಮಾತನ್ನು ನೀವಲ್ಲ, ಮೈದುನ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಹೇಳಲಿ. ಕಾಗದಪತ್ರವೂ ಅವರದ್ದೇ ಆಗಲಿ: ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್, 3ಎಸಿ ರೈಲು ಟಿಕೆಟ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ 75 ಶೇಕಡಾ.

ಅಡುಗೆಮನೆಯ ವಿಷಯದಲ್ಲಿ ಅರ್ಧ ಅವರು ಸರಿ, ಅರ್ಧ ನೀವು. ಆಪರೇಷನ್‌ನಲ್ಲಿ ಕಂಕುಳ ಗಂಟು (ದುಗ್ಧಗ್ರಂಥಿ) ತೆಗೆದಿದ್ದರೆ ಆ ಬದಿಯ ಕೈಗೆ ಸುಟ್ಟ ಗಾಯ, ಚಾಕು ಗಾಯ ಆಗಬಾರದು. ಸೋಂಕಾಗಿ ಕೈ ಊದಿಕೊಂಡರೆ ಇಳಿಸುವುದು ಕಷ್ಟ. ಬಾಣಲೆ, ಕುಕ್ಕರ್, ಹೊರುವ ಕೆಲಸ ಬೇಡ. ಹಿಟ್ಟು ಕಲಸುವುದು, ಬಟ್ಟೆ ಮಡಚುವುದು, ಹಾಲಿನ ಲೆಕ್ಕ ಇವೆಲ್ಲ ನಿಮ್ಮ ಹಕ್ಕು. ಕೀಮೋ ಸುಸ್ತು ಮಲಗಿದಷ್ಟೂ ಹೋಗುವುದಿಲ್ಲ, ಹತ್ತು ಹತ್ತು ನಿಮಿಷ ಎರಡು ಹೊತ್ತು ನಡೆದರೆ ಕೊಂಚ ಹಗುರಾಗುತ್ತದೆ. ಸಂಜೆ ನಡಿಗೆಗೆ ಮಗಳು ಜೊತೆಯಾಗಲಿ. ಅವಳು ಮೊಬೈಲಿನಲ್ಲಿ ಏನೇನು ಓದಿ ಒಳಗೇ ಬೇಯುತ್ತಿದ್ದಾಳೋ, ಮುಖ ನೋಡದೆ ನಡೆಯುವಾಗ ಕೇಳುವುದು ಅವಳಿಗೂ ಸುಲಭ.

ಅಳುವ ಬಗ್ಗೆ ಒಂದೇ ಮಾತು. ಮನೆಯಲ್ಲಿ ಒಬ್ಬರನ್ನು ಆರಿಸಿಕೊಂಡು, ಅಳು ಬರುವ ಮುಂಚೆಯೇ ಹೇಳಿ: ‘ನಾನು ಅತ್ತರೆ ಹತ್ತು ನಿಮಿಷ ಪಕ್ಕದಲ್ಲಿ ಕೂತಿರು, ಏನೂ ಹೇಳಬೇಡ.’ ಸ್ಟಿರಾಯ್ಡ್ ದಿನಗಳು ಕಳೆದ ಮೇಲೂ ಎರಡು ವಾರ ಬಿಡದೆ ಯಾವುದೂ ಬೇಡವೆನಿಸಿದರೆ ವೈದ್ಯರಿಗೆ ತಿಳಿಸಿ. ರಾತ್ರಿ ಹೊತ್ತು ಯಾರನ್ನೂ ಎಬ್ಬಿಸಲು ಮನಸ್ಸಾಗದಿದ್ದರೆ, ಅಥವಾ ಸಾಯುವ ಯೋಚನೆ ಸುಳಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.