ಎಐ ಏಜೆಂಟ್‌ ಬಳಸುವ ಟೂಲ್‌ಗೆ ವಿವರಣೆ ಬರೆಯುವುದು, ಅದನ್ನು ಪರೀಕ್ಷಿಸುವುದು ಹೇಗೆ?

ಬಸ್ ಟಿಕೆಟ್ ಕಾಯ್ದಿರಿಸುವ ಪುಣೆಯ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಎಐ ಏಜೆಂಟ್ (ಪ್ರಯಾಣಿಕರ ಮಾತು ಕೇಳಿ ತಾನೇ ಕೆಲಸ ಮಾಡುವ ತಂತ್ರಾಂಶ) ಕರೆಯಲಿರುವ ಟೂಲ್‌ಗಳಿಗೆ, ಅಂದರೆ ಬಸ್ ಹುಡುಕುವ, ಟಿಕೆಟ್ ಕಾಯ್ದಿರಿಸುವಂಥ ಕೋಡ್ ತುಣುಕುಗಳಿಗೆ, ವಿವರಣೆ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಹೇಗೆ ಬರೆಯಬೇಕು, ಬರೆದದ್ದು ಸರಿಯಿದೆಯೆಂದು ತಿಳಿಯುವುದು ಹೇಗೆ, ಕನ್ನಡದಲ್ಲೂ ಬರೆಯಬೇಕೇ ಎಂದು ಕೇಳಿದ್ದೀರಿ. ನಾನೂ ಪುಣೆಯ ಹಿಂಜವಡಿಯಲ್ಲಿ ಇದೇ ಬಗೆಯ ಕೆಲಸ ಮಾಡುತ್ತೇನೆ, ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ವಿವರಣೆಗೆ ಕೈ ಹಾಕುವ ಮೊದಲು, ಪ್ರಯಾಣಿಕರು ಏಜೆಂಟ್‌ಗೆ ಕೇಳಬಹುದಾದ ಮಾತುಗಳನ್ನೇ ಪರೀಕ್ಷೆಯ ಪ್ರಶ್ನೆಗಳಾಗಿ ಬರೆಯಿರಿ. ಹೆಚ್ಚಿನ ತಂಡಗಳು ಇದನ್ನು ತಲೆಕೆಳಗಾಗಿ ಮಾಡುತ್ತವೆ: ಕೋಡ್ ಬರೆದವರು ಎರಡು ಸಾಲಿನ ವಿವರಣೆ ಅಂಟಿಸುತ್ತಾರೆ, ಪರೀಕ್ಷೆ ಬಿಡುಗಡೆಯ ಹಿಂದಿನ ವಾರಕ್ಕೆ ಉಳಿಯುತ್ತದೆ. ಎಐಗೆ ಟೂಲ್ ಜೋಡಿಸುವ ವಿಧಾನ ಯಾವುದೇ ಇರಲಿ, ಓಪನ್‌ಎಐ 2023ರ ಜೂನ್‌ನಲ್ಲಿ ತಂದ ಫಂಕ್ಷನ್ ಕಾಲಿಂಗ್ ಇರಲಿ, ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಇರಲಿ, ಏಜೆಂಟ್‌ನ ಮಿದುಳಾದ ಭಾಷಾ ಮಾದರಿಯ ಕಣ್ಣಿಗೆ ಬೀಳುವುದು ಟೂಲ್‌ನ ಹೆಸರು, ವಿವರಣೆ ಮತ್ತು ಯಾವ ಮಾಹಿತಿ ಬೇಕೆಂದು ಹೇಳುವ ಜೇಸನ್ ಸ್ಕೀಮಾ ಎಂಬ ನಮೂನೆ ಮಾತ್ರ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಪಕ್ಕದ ಮೇಜಿನವರನ್ನು ಕೇಳಿ ತಿಳಿದುಕೊಳ್ಳುವ ಅನುಕೂಲವೂ ಅದಕ್ಕಿಲ್ಲ.

ನಿಮ್ಮ ಕ್ಷೇತ್ರದ್ದೇ ಉದಾಹರಣೆ ತೆಗೆದುಕೊಳ್ಳಿ. ‘ಇವತ್ತು ರಾತ್ರಿ ಕಾತ್ರಜ್‌ನಿಂದ ಹುಬ್ಬಳ್ಳಿಗೆ ಒಂದು ಸ್ಲೀಪರ್ ಬೇಕು’ ಎಂದು ಪ್ರಯಾಣಿಕರೊಬ್ಬರು ಬರೆಯುತ್ತಾರೆ. ಬಸ್ ಮುಂಬೈಯಿಂದ ಇವತ್ತು, ಅಂದರೆ 14ರ ರಾತ್ರಿ ಹೊರಟು ಪುಣೆಯ ಕಾತ್ರಜ್‌ಗೆ ಬರುವಾಗ 12 ಗಂಟೆ ದಾಟಿ 15ನೇ ತಾರೀಖು ಆಗಿರುತ್ತದೆ. ಟೂಲ್‌ನ ವಿವರಣೆಯಲ್ಲಿ ‘ಪ್ರಯಾಣದ ದಿನಾಂಕ’ ಎಂದಷ್ಟೇ ಇದ್ದರೆ ಮಾದರಿ ಯಾವ ತಾರೀಖನ್ನು ಕಳುಹಿಸಬೇಕು? ಎರಡಕ್ಕೂ ಸಮರ್ಥನೆಯಿದೆ, ಮತ್ತು ಒಂದು ಆಯ್ಕೆಯಲ್ಲಿ ಆ ಪ್ರಯಾಣಿಕರು ಟಿಕೆಟ್ ಇದ್ದೂ ನಡುರಾತ್ರಿ ಹೆದ್ದಾರಿ ಬದಿಯಲ್ಲಿ ಚೀಲ ಹಿಡಿದು ನಿಲ್ಲಬೇಕಾಗುತ್ತದೆ. ‘ಬಸ್ ತನ್ನ ಮೊದಲ ನಿಲ್ದಾಣದಿಂದ ಹೊರಡುವ ದಿನಾಂಕ, ಹತ್ತುವ ದಿನಾಂಕ ಬೇರೆಯಿರಬಹುದು’ ಎಂದು ಬರೆದರೆ ಪರಿಸ್ಥಿತಿ ಸುಧಾರಿಸುತ್ತದೆ. ಆದರೆ ನನ್ನ ದೃಢವಾದ ಅಭಿಪ್ರಾಯ ಬೇರೆ. ಒಂದು ಮಾಹಿತಿಯನ್ನು ವಿವರಿಸಲು ಇಡೀ ಪ್ಯಾರಾ ಬೇಕಾಗುತ್ತಿದ್ದರೆ ಟೂಲನ್ನೇ ಬದಲಿಸಿ. ಹತ್ತುವ ಸ್ಥಳ ಮತ್ತು ಹತ್ತುವ ಸಮಯವನ್ನು ಕೇಳಿ, ತಾರೀಖಿನ ಲೆಕ್ಕವನ್ನು ಕೋಡ್‌ಗೆ ಬಿಡಿ. ಈ ಸಮಸ್ಯೆ ವಿವರಣೆಯನ್ನು ಎಷ್ಟು ಓದಿದರೂ ಹೊಳೆಯುವುದಿಲ್ಲ, ಜನ ಕೇಳುವ ಧಾಟಿಯಲ್ಲಿ ಪ್ರಶ್ನೆ ಬರೆದಾಗ ತಾನಾಗಿ ಎದುರಿಗೆ ಬರುತ್ತದೆ.

ಊರ ಹೆಸರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು, ಆದರೆ ಬೆಳಗಾಂ, ಗುಲ್ಬರ್ಗಾ, ಬಿಜಾಪುರ ಎಂದು ಟೈಪ್ ಮಾಡುವವರು ಈಗಲೂ ಇದ್ದಾರೆ. ಬಿಜಾಪುರ ಛತ್ತೀಸ್‌ಗಢದಲ್ಲೂ ಇದೆ. ವಿಜಯಪುರ ಎಂದರೆ ದೇವನಹಳ್ಳಿ ತಾಲ್ಲೂಕಿನ ಪಟ್ಟಣವೂ ಆಗಬಹುದು. ಹಾಗಾಗಿ ಟೂಲ್ ಊರಿನ ಹೆಸರನ್ನು ಸ್ವೀಕರಿಸುತ್ತದೆಯೋ, ನಿಮ್ಮದೇ ಸಂಕೇತವನ್ನೋ ಎಂಬುದು ವಿವರಣೆಯಲ್ಲಿರಲಿ. ಒಂದಕ್ಕಿಂತ ಹೆಚ್ಚು ಊರು ಹೊಂದಿದರೆ ಟೂಲ್ ಎಲ್ಲವನ್ನೂ ಜಿಲ್ಲೆಯ ಹೆಸರಿನೊಂದಿಗೆ ಹಿಂದಿರುಗಿಸಲಿ, ಏಜೆಂಟ್ ಪ್ರಯಾಣಿಕರನ್ನೇ ಕೇಳಲಿ. ದೋಷ ಸಂದೇಶಗಳೂ ವಿವರಣೆಯ ಭಾಗವೇ. ‘ತಪ್ಪು ವಿನಂತಿ’ ಎಂದು ಬಂದರೆ ಮಾದರಿ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ. ‘ಈ ಬಸ್ ವಾಕಡದಲ್ಲಿ ನಿಲ್ಲುವುದಿಲ್ಲ, ನಿಗಡಿಯಲ್ಲಿ ನಿಲ್ಲುತ್ತದೆ’ ಎಂದು ಬಂದರೆ ಮುಂದಿನ ದಾರಿ ಸಿಗುತ್ತದೆ.

ಹುಡುಕುವ ಟೂಲ್ ಮತ್ತು ಹಣ ಕಡಿತಗೊಳ್ಳುವ ಟೂಲ್ ಎಂದೂ ಒಂದಾಗಬಾರದು. ಇದು ಓದಲು ಮಾತ್ರ, ಇದು ಹಾನಿ ಮಾಡಬಲ್ಲದು ಎಂದು ಗುರುತು ಹಾಕಲು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಅವಕಾಶವಿದೆ, ಆದರೆ ಅವು ಸುಳಿವುಗಳಷ್ಟೇ, ಕಾವಲಲ್ಲ. ರದ್ದತಿಗೆ ಮುನ್ನ ಪ್ರಯಾಣಿಕರ ಒಪ್ಪಿಗೆ ಬೇಕೆಂಬ ನಿಯಮ ಕೋಡ್‌ನಲ್ಲೇ ಇರಬೇಕು.

ಇನ್ನು ಮೌಲ್ಯಮಾಪನ. ಸರಿಯಾದ ಟೂಲ್ ಆರಿಸಿತೇ, ಸರಿಯಾದ ಮಾಹಿತಿ ಕಳುಹಿಸಿತೇ ಎಂದು ನೋಡುವುದು ಆರಂಭ ಮಾತ್ರ. ಕೊನೆಗೆ ಡೇಟಾಬೇಸ್‌ನಲ್ಲಿ ಏನು ಉಳಿಯಿತು ಎಂಬುದೇ ಮುಖ್ಯ. 2024ರಲ್ಲಿ ಬಂದ ಟೌ-ಬೆಂಚ್ ಎಂಬ ಪರೀಕ್ಷಾ ಚೌಕಟ್ಟು ವಿಮಾನ ಟಿಕೆಟ್ ಮತ್ತು ಚಿಲ್ಲರೆ ವ್ಯಾಪಾರದ ಸಂಭಾಷಣೆಗಳಲ್ಲಿ ಇದನ್ನೇ ಮಾಡಿತು: ಮಾತು ಎಷ್ಟು ಸೊಗಸಾಗಿದ್ದರೂ ಕೊನೆಯ ದಾಖಲೆ ಹೊಂದದಿದ್ದರೆ ಅಂಕವಿಲ್ಲ. ಅದರ ಇನ್ನೊಂದು ಪಾಠ ನನಗೆ ಬಹಳ ಮುಖ್ಯವೆನಿಸಿತು. ಒಂದೇ ಕೆಲಸವನ್ನು ಹಲವು ಸಲ ಕೊಟ್ಟು, ಪ್ರತಿ ಸಲವೂ ಗೆದ್ದರೆ ಮಾತ್ರ ಪಾಸು ಎಂದು ಅಳೆಯಬೇಕು. 100ಕ್ಕೆ 80 ಸಲ ಸರಿ ಮಾಡುವ ಏಜೆಂಟ್, ಪ್ರತಿ ಪ್ರಯತ್ನ ಸ್ವತಂತ್ರವೆಂದುಕೊಂಡರೆ, ಸತತ 4 ಸಲ ಸರಿ ಮಾಡುವ ಸಾಧ್ಯತೆ ಸುಮಾರು 41 ಶೇಕಡಾ. ಶೇಕಡಾ 80 ಎಂಬ ಅಂಕಿ ಕಂಡು ಸಭೆಯಲ್ಲಿ ಚಪ್ಪಾಳೆ ಬಿದ್ದರೆ ಈ ಲೆಕ್ಕವನ್ನು ದಯವಿಟ್ಟು ಬೋರ್ಡಿನ ಮೇಲೆ ಬರೆಯಿರಿ.

ಯಾವ ಟೂಲನ್ನೂ ಕರೆಯಬಾರದ ಪ್ರಶ್ನೆಗಳೂ ಇರಲಿ: ‘ದಾರಿಯಲ್ಲಿ ಊಟ ಸಿಗುತ್ತದೆಯೇ?’ ಎಂದು ಕೇಳಿದವರಿಗೆ ಸೀಟು ಕಾಯ್ದಿರಿಸುವ ಏಜೆಂಟ್ ಬೇಡ. ಎಲ್ಲ ಟೂಲ್‌ಗಳನ್ನೂ ಒಟ್ಟಿಗೆ ಇಟ್ಟು ಪರೀಕ್ಷಿಸಿ, ಏಕೆಂದರೆ ಒಂಟಿಯಾಗಿ ಸ್ಪಷ್ಟವೆನಿಸಿದ ವಿವರಣೆ ಅದನ್ನೇ ಹೋಲುವ ಇನ್ನೊಂದರ ಪಕ್ಕದಲ್ಲಿ ಗೊಂದಲ ಹುಟ್ಟಿಸುತ್ತದೆ. ಪ್ರಶ್ನೆಗಳಲ್ಲಿ ಒಂದು ಪಾಲನ್ನು ನೀವೇ ನೋಡದಂತೆ ಸಹೋದ್ಯೋಗಿಯ ಬಳಿ ಇಡಿ. ಇಲ್ಲದಿದ್ದರೆ ವಿವರಣೆ ನಿಮ್ಮ ಪ್ರಶ್ನೆಗಳಿಗೆ ಮಾತ್ರ ಒಗ್ಗಿಕೊಂಡುಬಿಡುತ್ತದೆ.

ಭಾಷೆಯ ವಿಷಯದಲ್ಲಿ, ವಿವರಣೆ ಇಂಗ್ಲಿಷಿನಲ್ಲಿದ್ದರೆ ಸಾಕು. ಎರಡು ಭಾಷೆಯಲ್ಲಿ ಬರೆದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಪರೀಕ್ಷೆಯ ಪ್ರಶ್ನೆಗಳು ಮಾತ್ರ ಕನ್ನಡ, ಮರಾಠಿ, ಹಿಂದಿ ಎಲ್ಲದರಲ್ಲೂ ಇರಲೇಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಶ್ನೆಗಳೂ ಬೇಕು. ಪುಣೆಯಲ್ಲಿರುವ ನಮ್ಮ ಜನ ಊರಿಗೆ ಟಿಕೆಟ್ ಕೇಳುವಾಗ ಈ ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಬೆರೆಸುತ್ತಾರೆ. ನಿಮ್ಮ ಸಹಾಯವಾಣಿಗೆ ಬಂದ ಹಳೆಯ ಸಂದೇಶಗಳಿಂದ ಹೆಸರು, ಫೋನ್ ಸಂಖ್ಯೆ ತೆಗೆದುಹಾಕಿ ಅವನ್ನೇ ಮೊದಲ ಕಂತಿನ ಪ್ರಶ್ನೆಗಳಾಗಿ ಬಳಸಬಹುದು.